ಅಗಲ ಪಾದ ಮತ್ತು ಎಂ.ಎಸ್ಸಿ. ಸೀಟು

ಚಪ್ಪಲಿ ಅಂಗಡಿಗೆ ಹೋಗುವುದೆಂದರೆ ಈ ವಯಸ್ಸಿನಲ್ಲೂ ನನಗೆ ಸಂದರ್ಶನಕ್ಕೆ ಹೋದ ಹಾಗೆಯೇ. ಮೊನ್ನೆ ದಾವಣಗೆರೆಯಲ್ಲಿ ಅಂಗಡಿಯವರು ಒಂದಾದ ಮೇಲೊಂದು ಡಬ್ಬಿ ಬಿಚ್ಚಿ ತೋರಿಸಿದರು. ಉದ್ದಕ್ಕೆ ಸರಿಯಾದದ್ದು ಅಗಲಕ್ಕೆ ಒಲ್ಲೆ ಎನ್ನುತ್ತಿತ್ತು. ಅಗಲಕ್ಕೆ ಒಪ್ಪಿದ್ದು ಹಿಮ್ಮಡಿಯ ಹಿಂದೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಡುತ್ತಿತ್ತು. ಕೊನೆಗೆ ಅವರು ನನ್ನ ಪಾದವನ್ನೇ ದಿಟ್ಟಿಸಿ ನೋಡಿ, "ಮೇಡಂ, ಬೇಜಾರು ಮಾಡ್ಕಬ್ಯಾಡ್ರಿ, ಜೆಂಟ್ಸ್ ಸೈಡಿಗೆ ಬರ್ರಿ," ಎಂದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಗಂಡಸರ ಕಡೆಯ ಸ್ಟೂಲಿನ ಮೇಲೆ ಕುಳಿತು, ಈ ಪಾದಗಳು ಹೀಗೆ ಹರಡಿಕೊಂಡದ್ದು ಹೇಗೆ ಎಂದು ಹೇಳಲು ಶುರುಮಾಡಿದೆ. ಅವರಿಗೆ ಬೇರೆ ಗಿರಾಕಿ ಬಂದರು. ಹಾಗಾಗಿ ನಿಮಗೆ ಹೇಳುತ್ತೇನೆ, ನೀವಾದರೂ ಬಿಡುವಾಗಿದ್ದೀರಿ.

ನನಗೆ ಎಂ.ಎಸ್ಸಿ. ಸೀಟು ಕೊಡಿಸಿದ್ದು ಈ ಪಾದಗಳು. ತಲೆಯ ಬಗ್ಗೆ ನನಗೆ ಗೌರವ ಇಲ್ಲವೆಂದಲ್ಲ, ಆದರೆ ಆ ಕೆಲಸದಲ್ಲಿ ಅದರ ಪಾಲು ಬಹಳ ಕಡಿಮೆ. ಅದು ಡಿಗ್ರಿಯಲ್ಲಿ ಗಳಿಸಿದ್ದು ನಲವತ್ತೇಳು ಪರ್ಸೆಂಟ್ ಚಿಲ್ಲರೆ. ಚಿಲ್ಲರೆಯನ್ನು ಬಿಡದೆ ಹೇಳುವುದು ನನಗೆ ಇವತ್ತಿಗೂ ರೂಢಿ. ಇರುವುದೇ ಕಡಿಮೆ ಇದ್ದಾಗ ಚಿಲ್ಲರೆಯನ್ನು ಯಾಕೆ ಬಿಡಬೇಕು?

ಪಾದಗಳ ಕಥೆ ಶುರುವಾಗುವುದು ಅವ್ವನಿಂದ. ನಮ್ಮದು ಹರಪನಹಳ್ಳಿ. ಅಪ್ಪನಿಗೆ ಮೆಕ್ಕೆಜೋಳದ ಮಾರ್ಕೆಟ್ಟಿನ ಹತ್ತಿರ ಗೋಣಿಚೀಲದ ಅಂಗಡಿ. ಅವ್ವನಿಗೆ ಮನೆ, ರೊಟ್ಟಿ ಮತ್ತು ಹರಕೆ. ನಮ್ಮ ಕಡೆ ಏನಾದರೂ ಆಗಬೇಕಿದ್ದರೆ ಕೊಟ್ಟೂರಿನ ಗುಡಿಯ ದೇವರಿಗೆ, ನಾವೆಲ್ಲ ಅಜ್ಜ ಎನ್ನುವವನಿಗೆ, ಹರಕೆ ಹೊರುತ್ತಾರೆ. ಕೆಲಸ ಆದರೆ ಬರಿಗಾಲಲ್ಲಿ ನಡೆದುಕೊಂಡು ಬರುತ್ತೇವೆ ಎಂಬ ಮಾತು. ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮವ್ವನ ವಿಶೇಷವೆಂದರೆ, "ನಡಕೊಂತ ಬರ್ತೀವಪ್ಪ ಅಜ್ಜ" ಎಂದು ಅವಳು ಕೈಮುಗಿಯುವಾಗ ಆ ಬರುವವರಲ್ಲಿ ಅವಳು ಇರುತ್ತಿರಲಿಲ್ಲ. ಅವಳು ಹರಕೆ ಹೊರುತ್ತಿದ್ದದ್ದು ಯಾವಾಗಲೂ ಬೇರೆಯವರ ಕಾಲಿನ ಮೇಲೆ.

ಅದಕ್ಕೆ ಅವಳದೇ ಒಂದು ಕಾನೂನು ಇತ್ತು. ಕೆಲಸ ಯಾರದೋ ಅವರು ನಡೆಯಬಾರದು. "ತನ್ನ ಕೆಲಸಕ್ಕ ತಾನ ನಡೆದ್ರ ಅದು ಕೂಲಿ ಆಗ್ತೈತಿ. ಇನ್ನೊಬ್ರ ಕೆಲಸಕ್ಕ ನಡೆದ್ರ ಹರಕಿ," ಎನ್ನುತ್ತಿದ್ದಳು. ಅಪ್ಪನ ಮೊಣಕಾಲು ನೋಯುತ್ತಿತ್ತು, ಅಜ್ಜಿಗೆ ವಯಸ್ಸಾಗಿತ್ತು, ಅವ್ವ ಹೊರಟರೆ ರೊಟ್ಟಿ ಬಡಿಯುವವರಿರಲಿಲ್ಲ. ಉಳಿದ ಕಾಲು ನನ್ನವು. ಚಿಕ್ಕಮ್ಮನಿಗೆ ಮಗುವಾಯಿತು, ನಾನು ನಡೆದೆ. ತೆಲಿಗಿಯ ಸೋದರಮಾವ ಕೋರ್ಟಿನಲ್ಲಿ ಗೆದ್ದ, ನಾನು ನಡೆದೆ. ಪಕ್ಕದ ಮನೆಯ ಎಮ್ಮೆ ಕಳೆದುಹೋದಾಗ ಅವರು ಹುಡುಕಲು ಹೋದರು, ಅವ್ವ ಹರಕೆ ಹೊತ್ತಳು. ಎಮ್ಮೆ ಯಾರದೋ ಹೊಲದಲ್ಲಿ ಮೇಯುತ್ತ ಸಿಕ್ಕಿತು. ಮುಂದಿನ ಸೋಮವಾರ ಎಮ್ಮೆ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿತ್ತು, ನಾನು ಓಣಿಯ ನಾಲ್ಕಾರು ಜನರ ಜೊತೆ ಕೊಟ್ಟೂರಿನ ದಾರಿ ಹಿಡಿದಿದ್ದೆ. ಸಿಟ್ಟು ಬಂದಿತ್ತು ನನಗೆ. ಚಿಕ್ಕಮ್ಮನ ಮಗುವಿಗಾದರೆ ಆಯಿತು, ಎಮ್ಮೆ ತಾನೇ ನಡೆದುಹೋಗಿ ತಪ್ಪಿಸಿಕೊಂಡಿತ್ತಲ್ಲ, ಅದನ್ನೇ ನಡೆಸಬಹುದಿತ್ತು.

ಅವ್ವ ಬರುತ್ತಿರಲಿಲ್ಲ ಎಂದೇನೂ ಇಲ್ಲ. ಬರುತ್ತಿದ್ದಳು, ಬಸ್ಸಿನಲ್ಲಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಕಿಟಕಿಯ ಪಕ್ಕದ ಸೀಟು ಹಿಡಿದು, ಬಸ್ಸು ಊರು ದಾಟುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು. ಬಸ್ಸು ಹತ್ತಿದರೆ ನಿದ್ದೆ, ಅದು ಅವಳ ಮೈಗೆ ಅಂಟಿದ ಚಟ. ಕಂಡಕ್ಟರು "ಕೊಟ್ಟೂರು, ಕೊಟ್ಟೂರು" ಎಂದಾಗ ಎಚ್ಚರ. ನಾನು ಗುಡಿಯ ಹತ್ತಿರ ಕುಂಟುತ್ತ ಬರುವಷ್ಟರಲ್ಲಿ ಅವಳು ನೆರಳಲ್ಲಿ ಕುಳಿತು ಪೂಜೆ ಮುಗಿಸಿರುತ್ತಿದ್ದಳು.

"ಎಷ್ಟೊತ್ತಿಗೆ ಬರೋದು? ದಾರ್ಯಾಗ ಯಾರ ಜೊತಿ ಹರಟಿ ಹೊಡಕೊಂತ ಕುಂತಿದ್ದಿ?"

"ಬಾಳ ದೂರ ಐತವ್ವ."

"ಏನು ದೂರ? ಕಣ್ಣು ಮುಚ್ಚಿ ತೆಗಿಯೋದ್ರಾಗ ಬಂತು."

ವಾದ ಮಾಡಿ ಪ್ರಯೋಜನವಿರಲಿಲ್ಲ. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಇನ್ನು ಡಿಗ್ರಿಯ ವಿಷಯ. ಬಿ.ಎಸ್ಸಿ. ಸೇರಲು ಹೋದ ದಿನ ಕೆಮಿಸ್ಟ್ರಿ ಇರುವ ಕಾಂಬಿನೇಶನ್ನಿನ ಮುಂದೆ ಉದ್ದದ ಸಾಲು. ಭೌತಶಾಸ್ತ್ರ, ಗಣಿತ, ಭೂವಿಜ್ಞಾನದ ಕಿಟಕಿಯಲ್ಲಿ ಗುಮಾಸ್ತರು ಒಬ್ಬರೇ ಚಹಾ ಕುಡಿಯುತ್ತ ಕುಳಿತಿದ್ದರು. ನಾನು ಅಲ್ಲಿಗೆ ಹೋದೆ. ಜೀವನದ ದೊಡ್ಡ ನಿರ್ಧಾರಗಳನ್ನು ಜನ ಹೇಗೆ ತೆಗೆದುಕೊಳ್ಳುತ್ತಾರೋ ನನಗೆ ತಿಳಿಯದು, ನಾನು ಸಾಲು ನೋಡಿ ತೆಗೆದುಕೊಂಡೆ. ಭೌತಶಾಸ್ತ್ರ ನನಗೆ ಅರ್ಥವಾಗಲಿಲ್ಲ. ಗಣಿತ ನನ್ನ ಕಡೆ ನೋಡಲಿಲ್ಲ, ನಾನೂ ಅದರ ಕಡೆ ನೋಡಲಿಲ್ಲ, ಮೂರು ವರ್ಷ ಒಂದೇ ಮನೆಯಲ್ಲಿದ್ದು ಮಾತುಬಿಟ್ಟ ನೆಗೆಣ್ಣಿಯರ ಹಾಗೆ ಕಳೆದೆವು. ಪುಸ್ತಕ ತೆರೆದರೆ ಅವ್ವನಿಗೆ ಬಸ್ಸಿನಲ್ಲಿ ಬರುವ ನಿದ್ದೆ ನನಗೆ ಮೇಜಿನ ಮುಂದೆಯೇ ಬರುತ್ತಿತ್ತು. ಅದಿಷ್ಟೇ ಅವಳಿಂದ ಬಂದ ಆಸ್ತಿ.

ಭೂವಿಜ್ಞಾನ ಮಾತ್ರ ಬೇರೆ. ಅದರ ಕೋಣೆಯಲ್ಲಿ ಒಂದು ಗಾಜಿನ ಕಪಾಟು, ಅದರ ತುಂಬ ಕಲ್ಲು. ಪಾಠ ಮಾಡುವವರು ಒಬ್ಬರೇ ಮೇಷ್ಟ್ರು, ಇಡೀ ಕಾಲೇಜು ಅವರನ್ನು ಕಲ್ಲು ಮೇಷ್ಟ್ರು ಎನ್ನುತ್ತಿತ್ತು. ನಿಜ ಹೇಳಬೇಕೆಂದರೆ ಆ ಮೂರು ವರ್ಷದಲ್ಲಿ ನನಗೆ ಇಷ್ಟವಾದದ್ದು ಆ ಕಪಾಟು ಒಂದೇ. ಚಿಕ್ಕವಳಿದ್ದಾಗ ಕೂಡ್ಲಿಗಿ ಕಡೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ತುಂಬ ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತಿರುವುದನ್ನು ನೋಡಿ, "ಅವ್ವ, ಇವನ್ನ ಯಾರು ಇಟ್ಟಾರ?" ಎಂದು ಕೇಳುತ್ತಿದ್ದೆ. ಅವ್ವ ಕಣ್ಣು ತೆರೆಯದೆ "ದೇವ್ರು" ಎನ್ನುತ್ತಿದ್ದಳು. ಕಲ್ಲು ಮೇಷ್ಟ್ರು ಹೇಳಿದ್ದು ಬೇರೆ: ಯಾರೂ ಇಟ್ಟಿಲ್ಲ, ನೆಲದ ಒಳಗೇ ಬಿರುಕು ಬಿಟ್ಟು, ಮೂಲೆಗಳು ಸವೆದು, ಸುತ್ತಲಿನ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆ ಬಂದಿದೆ ಎಂದರು. ಆ ದಿನ ನಾನು ಕ್ಲಾಸಿನಲ್ಲಿ ನಿದ್ದೆ ಮಾಡಲಿಲ್ಲ. ಆದರೆ ಇಷ್ಟವಾಗುವುದಕ್ಕೂ ಓದುವುದಕ್ಕೂ ಸಂಬಂಧವಿದೆ ಎಂದು ನನಗೆ ಯಾರೂ ಹೇಳಲಿಲ್ಲ, ಹೇಳಿದರೂ ನಾನು ಅಂದು ಗೈರುಹಾಜರಾಗಿರಬೇಕು.

ಫಲಿತಾಂಶ ಬಂದಾಗ ನಮ್ಮ ಓಣಿಯಲ್ಲಿ ಕೇಳುವ ಪ್ರಶ್ನೆ ಒಂದೇ, "ಪಾಸಾತಾ?" ಆತು ಎಂದರೆ ಮುಗಿಯಿತು. ಅವ್ವ ಮನೆಮನೆಗೆ ಪೇಡೆ ಹಂಚಿದಳು. ಅಜ್ಜನಿಗೂ ಒಂದು ಕಾಯಿ ಒಡೆಸಿದಳು. ಅಪ್ಪ ಮಾತ್ರ ಸಣ್ಣ ದನಿಯಲ್ಲಿ ಪರ್ಸೆಂಟ್ ಎಷ್ಟು ಎಂದು ಕೇಳಿದರು.

"ನಲವತ್ತೇಳು ಚಿಲ್ಲರ."

ಅವ್ವ ಒಳಗಿಂದಲೇ, "ಚಲೋ ಬಂದಾವಲ್ಲ. ಐವತ್ತರ ಹತ್ರ ಹೋಗೈತಿ," ಎಂದಳು.

"ನೂರಕ್ಕ ಅವ್ವ."

"ನೂರು ತಗೊಂಡು ಏನು ಮಾಡ್ತಿದ್ದಿ, ಮನ್ಯಾಗ ಇಡಾಕ ಜಾಗ ಎಲ್ಲೈತಿ?"

ಆ ನಲವತ್ತೇಳನ್ನು ಜಗತ್ತಿನಲ್ಲಿ ಮನಸಾರೆ ಮೆಚ್ಚಿದವರು ಇನ್ನೂ ಒಬ್ಬರಿದ್ದರು. ಹಗರಿಬೊಮ್ಮನಹಳ್ಳಿಯಿಂದ ನನ್ನನ್ನು ನೋಡಲು ಬಂದ ಗಂಡಿನ ತಾಯಿ. ಅವರದು ಗೊಬ್ಬರದ ಅಂಗಡಿ. ಹುಡುಗ ಒಳ್ಳೆಯವನೇ ಇದ್ದ, ತಲೆ ತಗ್ಗಿಸಿ ಮಂಡಕ್ಕಿ ತಿಂದ, ಮಿರ್ಚಿಯ ತೊಟ್ಟನ್ನು ಸದ್ದಿಲ್ಲದೆ ತಟ್ಟೆಯ ಅಂಚಿಗೆ ಇಟ್ಟ. ತಾಯಿ ಮಾತ್ರ ನೇರವಾಗಿ ಮಾರ್ಕ್ಸ್ ಎಷ್ಟು ಎಂದು ಕೇಳಿದರು. ಅಪ್ಪ ಕೆಮ್ಮಿ ಹೇಳಿದರು. ಆಕೆಯ ಮುಖ ಅರಳಿತು.

"ಚಲೋ ಆತು ಬಿಡ್ರಿ. ಬಾಳ ಮಾರ್ಕ್ಸ್ ತಗೊಂಡ ಹುಡುಗ್ಯಾರು ಮನ್ಯಾಗ ನಿಲ್ಲಂಗಿಲ್ಲ. ನಮಗ ಇಷ್ಟ ಇದ್ರ ಸಾಕು."

ನನ್ನ ನಲವತ್ತೇಳನ್ನು ನಾನು ಬೈಯಬಹುದು, ಕಲ್ಲು ಮೇಷ್ಟ್ರು ಬೈಯಬಹುದು. ಇನ್ನೊಬ್ಬರು ಅದನ್ನು ಹೊಗಳಿದ್ದು ನನಗೆ ತಡೆಯಲಾಗಲಿಲ್ಲ. ಅವಮಾನ ಎಂದರೆ ಏನೆಂದು ಅವತ್ತೇ ಗೊತ್ತಾಯಿತು. ಅವರು ಹೋದ ಮೇಲೆ ಅಡುಗೆಮನೆಗೆ ಹೋಗಿ, "ನಾ ಎಂ.ಎಸ್ಸಿ. ಮಾಡ್ತೀನಿ," ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ನನ್ನ ಮುಖ ಮಾತ್ರ ಒಂದು ಗಳಿಗೆ ನೋಡಿದಳು. ಅಪ್ಪ ವ್ಯಾಪಾರಸ್ಥರು, ಅಲ್ಲೇ ಕರಾರು ಮಾಡಿದರು. "ಸೀಟು ಸಿಕ್ರ ಓದು, ನಾ ಅಡ್ಡ ಬರಂಗಿಲ್ಲ. ಸಿಗಲಿಲ್ಲಂದ್ರ ಹಗರಿಬೊಮ್ಮನಳ್ಳಿಯವ್ರಿಗೆ ಹೂಂ ಅಂತೀನಿ. ಆಮ್ಯಾಲ ಅಳೋದು ಕರೆಯೋದು ಇಲ್ಲ."

ಕಲ್ಲು ಮೇಷ್ಟ್ರನ್ನು ಕೇಳಿದೆ. ಅವರು ಕಪಾಟಿನ ಕಡೆ ನೋಡಿ, "ನಲವತ್ತೈದು ಇದ್ರ ಅರ್ಜಿ ಹಾಕಬಹುದು," ಎಂದರು. ನಾನು ಖುಷಿಪಟ್ಟೆ. "ಹಾಕಬಹುದು ಅಂದ್ರ ಹಾಕಬಹುದು, ಅಷ್ಟ," ಎಂದು ಸೇರಿಸಿದರು.

ಸಂದರ್ಶನಕ್ಕೆ ಕರೆ ಬಂತು. ಕಡಿಮೆ ಅಂಕ ಯಾಕೆ ಎಂದು ಕೇಳಿದರೆ ಏನು ಹೇಳಬೇಕು ಎಂದು ಮನೆಯಲ್ಲಿ ಪಂಚಾಯಿತಿ ಕೂತಿತು. ಅಪ್ಪ ಟೈಫಾಯ್ಡ್ ಎಂದರು. ತೆಲಿಗಿಯ ಸೋದರಮಾವ ಕೋರ್ಟು ಕಂಡವನು, ಟೈಫಾಯ್ಡಿಗೆ ಸರ್ಟಿಫಿಕೇಟು ಕೇಳುತ್ತಾರೆ, ಕಾಮಾಲೆ ಅನ್ನು, ಅದಕ್ಕೆ ನಮ್ಮ ಕಡೆ ಗಿಡಮೂಲಿಕೆ ಕೊಡುತ್ತಾರೆ, ಸರ್ಟಿಫಿಕೇಟು ಇರುವುದಿಲ್ಲ ಎಂದ. ಪರೀಕ್ಷೆಯ ಹೊತ್ತಿಗೆ ಅಜ್ಜಿ ತೀರಿಕೊಂಡಳು ಎನ್ನುವುದೇ ಎಲ್ಲಕ್ಕಿಂತ ಗಟ್ಟಿ ಎಂದು ಕೊನೆಗೆ ತೀರ್ಮಾನವಾಯಿತು. ಅಜ್ಜಿ ಅಲ್ಲೇ ಎಲೆ ಅಡಿಕೆ ಕುಟ್ಟುತ್ತ ಕುಳಿತಿದ್ದಳು.

"ಹೇಳಾಕ ಏನು, ಹೇಳು. ನಂಗೇನು ಇಲ್ಲಿ ಕೇಳಿಸ್ತೈತಾ?" ಎಂದಳು.

ಹೊರಡುವ ದಿನ ಅವ್ವನನ್ನು ಕೇಳಿದೆ, "ಈ ಸಲ ಯಾರ ಕಾಲ ಮ್ಯಾಲ ಹೊತ್ತೀದಿ?"

"ನಿಂದಂತೂ ಅಲ್ಲ. ನಿನ್ನ ಕೆಲಸ ಇದು."

"ಮತ್ತ ಯಾರದು?"

"ಹೋಗಿ ಬಾ. ಆತಂದ್ರ ಹೇಳ್ತೀನಿ," ಎಂದು ನನ್ನ ಕೈಗೆ ಒಂದು ಚೀಲ ಮಂಡಕ್ಕಿ ಕೊಟ್ಟಳು. ವಿಶ್ವವಿದ್ಯಾಲಯದ ಊರಿನಲ್ಲಿ ಮಂಡಕ್ಕಿ ಸಿಗುವುದಿಲ್ಲ ಎಂದು ಅವಳ ನಂಬಿಕೆ.

ಅಪ್ಪ ನಾನು ಇಬ್ಬರೂ ಹೋದೆವು. ವಿಭಾಗದ ವರಾಂಡದಲ್ಲಿ ಹುಡುಗ ಹುಡುಗಿಯರು ಫೈಲು ಎದೆಗವಚಿ ನಿಂತಿದ್ದರು. ಎಲ್ಲರೂ ಫಸ್ಟ್ ಕ್ಲಾಸು. ಒಬ್ಬಳು ತನಗೆ ಎಪ್ಪತ್ತೊಂಬತ್ತೇ ಬಂತೆಂದು ಕಣ್ಣೀರು ತುಂಬಿಕೊಂಡಿದ್ದಳು. ನಾನು ಅವಳಿಗೆ ಸಮಾಧಾನ ಹೇಳಿದೆ. ನಿಂದೆಷ್ಟು ಎಂದಳು. ಅಷ್ಟರಲ್ಲಿ, ಪುಣ್ಯಕ್ಕೆ, ನನ್ನ ಹೆಸರು ಕೂಗಿದರು.

ಒಳಗೆ ಮೂವರಿದ್ದರು. ನಡುವೆ ವಿಭಾಗದ ಮುಖ್ಯಸ್ಥರು, ಮುಂದೆ ನಾವೆಲ್ಲ ಹೆಡ್ ಸರ್ ಎಂದು ಕರೆದವರು. ಬಿಸಿಲಿಗೆ ಸುಟ್ಟ ಮುಖ, ಮೈಸೂರು ಕಡೆಯ ಮಾತು. ಅವರು ನನ್ನ ಅಂಕಪಟ್ಟಿ ನೋಡಿದರು, ನಂತರ ಹಿಂದೆ ಇನ್ನೂ ಸ್ವಲ್ಪ ಒಳ್ಳೆಯದು ಏನಾದರೂ ಇರಬಹುದೆಂದು ತಿರುಗಿಸಿ ನೋಡಿದರು. ಅಲ್ಲಿ ಖಾಲಿ ಇತ್ತು.

"ಏನಮ್ಮ, ಇದು ಹೇಗಾಯ್ತು?"

ಟೈಫಾಯ್ಡ್, ಕಾಮಾಲೆ, ಅಜ್ಜಿಯ ಸಾವು ಮೂರೂ ಒಟ್ಟಿಗೆ ಬಾಯಿಗೆ ಬಂದು ಒಂದಕ್ಕೊಂದು ದಾರಿ ಬಿಡಲಿಲ್ಲ. "ಓದಲಿಲ್ರಿ ಸರ್," ಎಂದುಬಿಟ್ಟೆ.

ಪಕ್ಕದಲ್ಲಿದ್ದವರು ಪೆನ್ನು ಕೆಳಗಿಟ್ಟರು. ಹೆಡ್ ಸರ್ ಎರಡು ಪ್ರಶ್ನೆ ಕೇಳಿದರು, ಎರಡಕ್ಕೂ ನನಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಬಂತು, ಕೂಡ್ಲಿಗಿಯ ಗುಂಡುಕಲ್ಲಿನ ಬಗ್ಗೆ ಇತ್ತು ಅದು. ಅದರಿಂದ ಅವರ ಮುಖ ಅಂಥದ್ದೇನೂ ಬದಲಾಗಲಿಲ್ಲ. ಫೈಲು ಮುಚ್ಚುತ್ತ ಹೇಳಿದರು, "ನೋಡಮ್ಮ, ಇದು ಕೂತು ಓದೋ ವಿಷಯ ಅಲ್ಲ. ಓದೋದನ್ನೂ ನೀನು ಮಾಡಿಲ್ಲ, ಬಿಡು. ಬಿಸಿಲಲ್ಲಿ ಇಡೀ ದಿನ ನಡೀಬೇಕು. ನಿನ್ನ ಕೈಲಾಗುತ್ತಾ?"

ಹಗರಿಬೊಮ್ಮನಹಳ್ಳಿಯ ಗೊಬ್ಬರದ ಅಂಗಡಿಯ ವಾಸನೆ ಆ ಕೋಣೆಯಲ್ಲೇ ನನ್ನ ಮೂಗಿಗೆ ಬಡಿಯಿತು. ಆಮೇಲೆ ನಾನು ಏನು ಮಾತಾಡಿದೆನೋ, ಯಾವುದೂ ಯೋಚಿಸಿ ಆಡಿದ್ದಲ್ಲ. ನಡೆಯುವುದೊಂದೇ ನನಗೆ ಬರುವುದು ಸರ್ ಎಂದೆ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಎಷ್ಟೋ ಸಲ ಬರಿಗಾಲಲ್ಲಿ ನಡೆದಿದ್ದೇನೆ ಎಂದೆ. ಚಿಕ್ಕಮ್ಮನ ಮಗು, ಸೋದರಮಾವನ ಕೇಸು, ಪಕ್ಕದ ಮನೆಯ ಎಮ್ಮೆ ಎಲ್ಲ ಹೇಳಿದೆ. ಎಮ್ಮೆಯ ಹತ್ತಿರ ಬಂದಾಗ ಒಬ್ಬರು ಕರವಸ್ತ್ರ ಬಾಯಿಗಿಟ್ಟುಕೊಂಡರು.

ಹೆಡ್ ಸರ್ ನಗಲಿಲ್ಲ. "ಅಷ್ಟು ಸಲ ನಡೆದಿದ್ದೀಯಲ್ಲ, ದಾರೀಲಿ ಎಂಥ ಕಲ್ಲಿದೆ?"

"ಚುಚ್ಚೋವು ಅದಾವ, ಚುಚ್ಚದಿರೋವು ಅದಾವ್ರಿ ಸರ್."

"ಬೇರೆ?"

ಊರು ಬಿಟ್ಟ ಮೇಲೆ ಹರಳುಕಲ್ಲಿನ ಗರಸು ನೆಲ ಶುರುವಾಗುತ್ತದೆ, ಅಲ್ಲಿ ಹಿಮ್ಮಡಿ ಊರಬಾರದು ಎಂದೆ. ಆಮೇಲೆ ಕೆಂಪು ಮಣ್ಣು, ಕಾಲಿಗೆ ಹಿತ. ಒಂದು ಕಡೆ ಕಪ್ಪು ಮಣ್ಣಿನ ಎರೆ ಹೊಲ ಬರುತ್ತದೆ, ಮಳೆಯಾಗಿದ್ದರೆ ಪಾದಕ್ಕೆ ಅಂಟಿ ಕಾಲು ಎತ್ತಲಾಗುವುದಿಲ್ಲ. ಅದರ ಆಚೆ ದಾರಿಗೆ ಅಡ್ಡವಾಗಿ ಕರಿಕಲ್ಲು ಇದೆ, ಉಳಿದ ನೆಲ ತಣ್ಣಗಿದ್ದರೂ ಅದು ಬೆಳಿಗ್ಗೆಯೇ ಕಾದಿರುತ್ತದೆ, ಅಲ್ಲಿ ನಾವೆಲ್ಲ ಓಡಿ ದಾಟುತ್ತೇವೆ ಎಂದೆ.

"ಅಡ್ಡವಾಗಿ ಅಂದರೆ? ಗೆರೆ ಎಳೆದ ಹಾಗಾ?"

"ಹೂಂ ಸರ್. ಈ ಕಡೆ ಹೊಲದಾಗಿಂದ ಬಂದು ಆ ಕಡೆ ಹೊಲದಾಗ ಹೋಗೈತಿ."

ಅವರು ಎದ್ದು ಕಪಾಟಿನಿಂದ ಒಂದು ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಬೆರಳಿಟ್ಟು ಹುಡುಕಿದರು. "ಇದರಲ್ಲಿ ಇಲ್ಲವಲ್ಲಮ್ಮ."

"ಕಾಲಿಗೆ ಐತ್ರಿ ಸರ್."

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಅದು ಅಲ್ಲಿ ಹೇಗೆ ಬಂತು ಎಂದು ಕೇಳಿದರು. ರಸ್ತೆ ಮಾಡುವಾಗ ಅಲ್ಲಿ ಡಾಂಬರು ಕುದಿಸಿ ಚೆಲ್ಲಿರಬೇಕು ಎಂದೆ. ಮೂರು ವರ್ಷ ಭೂವಿಜ್ಞಾನ ಓದಿದವಳ ಉತ್ತರ ಅದು. ಭೂಮಿಯ ಬಿರುಕಿನೊಳಗೆ ಶಿಲಾರಸ ನುಗ್ಗಿ ಗೋಡೆಯ ಹಾಗೆ ಗಟ್ಟಿಯಾಗುವುದನ್ನು ಕಲ್ಲು ಮೇಷ್ಟ್ರು ಪಾಠ ಮಾಡಿದ್ದರು, ನಾನು ಅದರ ಮೇಲೇ ಹೆಜ್ಜೆಯಿಟ್ಟು ಓಡಾಡಿಯೂ ಎರಡನ್ನೂ ಸೇರಿಸಿ ನೋಡಿರಲಿಲ್ಲ. ಹೆಡ್ ಸರ್ ಹಣೆಗೆ ಕೈ ಹಚ್ಚಿಕೊಂಡರು.

ಹೊರಡುವಾಗ ಕೇಳಿದರು, "ಅದಿರಲಿ, ಈ ಸೀಟಿಗೆ ನಿಮ್ಮ ತಾಯಿ ಯಾರ ಕಾಲಿನ ಮೇಲೆ ಹರಕೆ ಹೊತ್ತಿದ್ದಾರೆ?"

"ಹೇಳಿಲ್ರಿ ಸರ್. ಸೀಟು ಕೊಡೋರ ಕಾಲಿನ ಮ್ಯಾಲ ಇರಬೇಕು."

ಈಗ ಅವರೂ ನಕ್ಕರು. ಹೊರಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಮಂಡಕ್ಕಿ ಚೀಲ ಬಿಚ್ಚಿ, "ತಿನ್ನು. ಹಗರಿಬೊಮ್ಮನಳ್ಳಿ ಏನು ದೂರ ಇಲ್ಲ, ಹಬ್ಬಕ್ಕ ಬರಬಹುದು," ಎಂದರು.

ಆಯ್ಕೆಯಾದವರಲ್ಲಿ ನನ್ನ ಹೆಸರಿರಲಿಲ್ಲ. ಕಾಯುವವರಲ್ಲಿ ಇತ್ತು. ಕಾಯುವವರು ಕಾಯಬೇಕು, ಆದರೆ ಹಗರಿಬೊಮ್ಮನಹಳ್ಳಿಯವರು ಕಾಯುವ ಜನರಲ್ಲ. ಮುಂದಿನ ವಾರ ಮಾತುಕತೆ ಮುಗಿಸಿ ಹೂವು ಮುಡಿಸಿ ಹೋಗುತ್ತೇವೆ ಎಂದು ಹೇಳಿ ಕಳಿಸಿದರು. ಅಪ್ಪ ಮಾತಿಗೆ ತಪ್ಪುವವರಲ್ಲ. ನಾನು ಅಳಲಿಲ್ಲ, ಕರಾರಿನಲ್ಲಿ ಅದೂ ಇತ್ತಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದೆ. ಆ ವಾರವೆಲ್ಲ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಗೊಬ್ಬರದ ಅಂಗಡಿಗಲ್ಲ, ಆ ತಾಯಿ ಪ್ರತಿದಿನ ನನ್ನ ನಲವತ್ತೇಳನ್ನು ಹೊಗಳುತ್ತಾರಲ್ಲ ಎಂದು.

ಅವರು ಬರುವ ಎರಡು ದಿನ ಮೊದಲು ಅಪ್ಪನ ಅಂಗಡಿಯ ಎದುರಿನ ದಲ್ಲಾಳಿ ಅಂಗಡಿಗೆ ಫೋನು ಬಂತು. ಸೀಟು ಸಿಕ್ಕವರೊಬ್ಬರು ಬೇರೆ ಕಡೆ ಸೇರಿದ್ದಾರೆ, ಹುಡುಗಿ ಕೂಡಲೇ ಬರಬೇಕು. ಅಪ್ಪ ಮನೆಗೆ ಬಂದು ಬಾಗಿಲಲ್ಲೇ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವ್ವನನ್ನು ಕೇಳಿದರು, "ನಾಡಿದ್ದು ಅವ್ರು ಬರ್ತಾರ. ಏನು ಹೇಳ್ಲಿ ಈಗ?"

"ಹುಡುಗಿ ಓದಾಕ ಹೋಗ್ಯಾಳ ಅಂತ ಹೇಳ್ರಿ," ಎಂದಳು ಅವ್ವ.

ಕಾಯುವವರಲ್ಲಿ ನನಗಿಂತ ಹೆಚ್ಚು ಅಂಕದವರು ಇದ್ದರು ಎಂದು ಸೇರಿದ ಮೇಲೆ ಗೊತ್ತಾಯಿತು. ಸಂದರ್ಶನದ ಅಂಕ ನನ್ನನ್ನು ಮೇಲೆ ಎತ್ತಿತ್ತು. ಹೆಡ್ ಸರ್ ಅದನ್ನು ಮುಚ್ಚಿಡಲಿಲ್ಲ. "ನಿನಗೆ ಕೊಟ್ಟಿದ್ದು ಸೀಟಲ್ಲಮ್ಮ, ಆ ಕರಿಕಲ್ಲು ತೋರಿಸೋ ಕೆಲಸ. ಜೊತೆಗೆ ಓದಿದರೆ ನಿನಗೇ ಒಳ್ಳೆಯದು," ಎಂದರು. ಓದಿದೆ. ಓದದೆ ಹೋಗಲು ಮುಖ ಇರಲಿಲ್ಲ.

ಚಳಿಗಾಲದಲ್ಲಿ ಅವರು ಇಡೀ ತರಗತಿಯನ್ನು ಹರಪನಹಳ್ಳಿಗೆ ಕರೆತಂದರು. ಹರಪನಹಳ್ಳಿಯಿಂದ ಕೊಟ್ಟೂರಿಗೆ ನಡಿಗೆ, ದಾರಿಯುದ್ದಕ್ಕೂ ಕಲ್ಲು, ಮಣ್ಣು, ನಕ್ಷೆ. ಬೆಳಕು ಹರಿಯುವ ಹೊತ್ತಿಗೆ ಟೋಪಿ ಹಾಕಿ ಸುತ್ತಿಗೆ ಹಿಡಿದು ನಿಂತ ಹೆಡ್ ಸರ್ ಎಲ್ಲರಿಗೂ ಕೇಳುವಂತೆ ಹೇಳಿದರು, "ಇವತ್ತಿನದು ಫೀಲ್ಡ್ ವರ್ಕ್ ಅಂದ್ಕೋಬೇಡಿ. ಈಕೆಗೆ ಸೀಟು ಕೊಟ್ಟ ತಪ್ಪಿಗೆ ಈಕೆಯ ತಾಯಿಯ ಹರಕೆ ತೀರಿಸ್ತಾ ಇದ್ದೀನಿ."

ಊರಿನ ಕೊನೆಯ ಚಹಾದಂಗಡಿಯ ಹತ್ತಿರ ಅವ್ವ ನಿಂತಿದ್ದಳು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಬುತ್ತಿ. ಎಂದಿನಂತೆ ಬಸ್ಸಿಗೆ ಬಂದಿದ್ದಾಳೆ ಎಂದುಕೊಂಡೆ. ನಮ್ಮ ಜೊತೆ ಹೆಜ್ಜೆ ಹಾಕಿದಾಗ ಕೆಳಗೆ ನೋಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಬಸ್ಸು ಆ ಕಡೆ ನಿಲ್ತೈತವ್ವ."

"ಗೊತ್ತೈತಿ. ಇದು ನಂದು."

"ಏನು ನಿಂದು?"

"ಸೀಟಿನ ಹರಕಿ. ನಿನ್ನ ಕೆಲಸ, ನೀ ನಡಿಯಂಗಿಲ್ಲ. ನಿಮ್ಮಪ್ಪಂದು ಮೊಣಕಾಲು ಕೆಟ್ಟೈತಿ. ಹೊರಗಿನವ್ರ ಕಾಲ ಮ್ಯಾಲ ಹೊರಾಕ ಇದೇನು ಎಮ್ಮಿನಾ? ನನ್ನ ಕಾಲ ಮ್ಯಾಲ ಹೊತ್ತೆ."

ಹೆಡ್ ಸರ್ ನಿಂತುಬಿಟ್ಟರು. "ಹಾಗಾದರೆ ನಾನು ಯಾಕಮ್ಮ ನಡೀತಾ ಇದ್ದೀನಿ?"

"ನಿಮ್ಮ ಕೆಲಸಕ್ಕ ನಡಿಯಾಕ ಹತ್ತೀರಿ. ಪಗಾರ ಕೊಡ್ತಾರಲ್ರಿ?" ಎಂದು ಅವ್ವ ಮುಂದೆ ಹೋದಳು. ನನ್ನ ಬೂಟನ್ನು ನೋಡಿ, "ನೀ ಬೂಟು ಬಿಚ್ಚಬ್ಯಾಡ. ಬೂಟು ಹಾಕ್ಕೊಂಡು ನಡೆದದ್ದು ಅಜ್ಜ ಲೆಕ್ಕಕ್ಕ ಹಿಡಿಯಂಗಿಲ್ಲ," ಎಂದಳು.

ಗರಸು ನೆಲದಲ್ಲಿ ಅವಳು ಹಿಮ್ಮಡಿ ಊರಿದಳು, ನಾನು ಹೇಳಿದರೂ ಕೇಳಲಿಲ್ಲ. ಪ್ರತಿ ಹಳ್ಳಿ ಬಂದಾಗಲೂ "ಕೊಟ್ಟೂರು ಬಂತಾ?" ಎಂದು ಕೇಳುತ್ತಿದ್ದಳು. ಅಲ್ಲ ಎಂದರೆ, "ಮತ್ತ ಈ ಊರು ಇಷ್ಟು ದಿನ ಎಲ್ಲಿತ್ತು?" ಎನ್ನುತ್ತಿದ್ದಳು. ಅವಳು ಆ ದಾರಿಯಲ್ಲಿ ಅಷ್ಟು ಸಲ ಹೋಗಿದ್ದರೂ ದಾರಿಯನ್ನು ನೋಡಿದ್ದು ಅದೇ ಮೊದಲು. ಕರಿಕಲ್ಲು ಸಿಕ್ಕಿತು, ನಾನು ಹೇಳಿದ ಹಾಗೆಯೇ ದಾರಿಗೆ ಅಡ್ಡವಾಗಿ. ಹೆಡ್ ಸರ್ ಮಗುವಿನಂತೆ ಹಿಗ್ಗಿ ಹೊಲದೊಳಗೆ ಅದರ ಬೆನ್ನು ಹಿಡಿದು ಓಡಿದರು. ಅದರ ಎದ್ದುನಿಂತ ಒಂದು ತುಂಡಿನ ಮೇಲೆ ಸೆರಗು ಮಡಿಚಿ ಹಾಕಿಕೊಂಡು ಅವ್ವ ಕುಳಿತಿದ್ದಳು. ಸರ್ ವಾಪಸು ಬಂದು, ಸುತ್ತಿಗೆ ಹಿಡಿದು, "ಸ್ವಲ್ಪ ಏಳ್ತೀರಾ ಅಮ್ಮ, ಒಂದು ಚೂರು ಬೇಕಿತ್ತು," ಎಂದರು.

"ಇಷ್ಟೊಂದು ಕಲ್ಲು ಅದಾವ. ನಾ ಕುಂತದ್ದ ಬೇಕೇನ್ರಿ ನಿಮಗ?"

ಸರ್ ಬೇರೆ ಕಡೆ ಒಡೆದುಕೊಂಡರು.

ಬಿಸಿಲು ಏರಿದ ಮೇಲೆ ಅವ್ವ ಮಾತು ಬಿಟ್ಟಳು. ಊರಿನ ಹೆಸರು ಕೇಳುವುದನ್ನೂ ಬಿಟ್ಟಳು. ನಾನು ಕೈ ಹಿಡಿಯಲು ಹೋದರೆ ಕೊಡವಿದಳು. ಕೊಟ್ಟೂರು ತಲುಪುವಾಗ ತರಗತಿಯವರೆಲ್ಲ ಮುಂದೆ ಹೋಗಿದ್ದರು, ಹೆಡ್ ಸರ್ ಮಾತ್ರ ನಮ್ಮ ಹಿಂದೆ, ಕಲ್ಲು ನೋಡುವ ನೆಪದಲ್ಲಿ, ನಿಧಾನವಾಗಿ ಬರುತ್ತಿದ್ದರು.

ಗುಡಿಯ ಹತ್ತಿರ, ಯಾವಾಗಲೂ ನನಗಾಗಿ ಕಾಯುತ್ತ ಕೂರುತ್ತಿದ್ದ ಅದೇ ನೆರಳಿನಲ್ಲಿ ಅವ್ವ ಕುಸಿದು ಕುಳಿತಳು. ಅಂಗಾಲು ತಿರುಗಿಸಿ ನೋಡಿಕೊಂಡಳು. ಸಣ್ಣ ಪಾದ ಅವಳದು, ಅದರ ತುಂಬ ಬೊಬ್ಬೆಗಳು ಎದ್ದಿದ್ದವು.

"ಇಷ್ಟು ದೂರ ಐತೇನ ಇದು?"

"ಹೂಂ."

"ಎಮ್ಮಿ ಸಲುವಾಗೂ ಇಷ್ಟು ದೂರ ನಡೆದಿಯೇನ ನೀನು?"

"ಹೂಂ ಅವ್ವ."

ಅವಳು ನನ್ನ ಹತ್ತಿರ ಸರಿದಳು. ನನ್ನ ಬೂಟಿನ ದಾರ ಬಿಚ್ಚಿ, ಕಾಲುಚೀಲ ಎಳೆದು ತೆಗೆದು, ನನ್ನ ಪಾದವನ್ನು ಮಡಿಲಿಗೆ ಹಾಕಿಕೊಂಡಳು. ತರಗತಿಯವರು ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು, ಕಾಲು ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ. ಹರಡಿಕೊಂಡ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ನನಗೂ ಬಂತು. ಆಮೇಲೆ ಗುಡಿಯ ಕಡೆ ತಿರುಗಿ, ಪರಿಚಯದ ಅಂಗಡಿಯವನ ಜೊತೆ ಮಾತಾಡುವ ದನಿಯಲ್ಲಿ ಹೇಳಿದಳು.

"ನೋಡಪ್ಪ ಅಜ್ಜ, ಇನ್ನ ಮ್ಯಾಲ ನಮ್ಮ ಮನಿ ಹರಕಿ ಎಲ್ಲಾ ಬಸ್ಸಿನ್ಯಾಗ. ನಡಿಯಾದು ಇವತ್ತಿಗೆ ಮುಗೀತು."

ವಾಪಸು ಬರುವಾಗ ಅವಳು ಕಿಟಕಿಯ ಪಕ್ಕದ ಸೀಟು ಹಿಡಿದಳು. ಹರಪನಹಳ್ಳಿ ಬರುವವರೆಗೂ ದಾರಿ ನೋಡುತ್ತಲೇ ಇದ್ದಳು. ಆ ದಿನ ಬಸ್ಸಿನಲ್ಲಿ ಅವ್ವ ನಿದ್ದೆ ಮಾಡಲಿಲ್ಲ.